ತುರಿಕೆ ನನ್ನದು, ಹೇಳಿದವರು ಅತ್ತೆ

೧೯೭೪ನೇ ಇಸವಿ. ನನಗೆ ಆಗ ಇಪ್ಪತ್ತೆರಡು ವರ್ಷ, ಮದುವೆಯಾಗಿ ಎರಡು ವರ್ಷ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ನಮ್ಮ ಮನೆ. ಮನೆಯಲ್ಲಿ ಇದ್ದವರು ನಾನು ಮತ್ತು ಅತ್ತೆ ಗೌರವ್ವ, ಇಬ್ಬರೇ. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ನಮ್ಮ ಯಜಮಾನರಿಗೆ ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಯ ಕೆಲಸ. ಅಲ್ಲೇ ನಾಲ್ಕು ಜನ ಕೂಡಿ ಒಂದು ಖೋಲಿ ಹಿಡಿದಿದ್ದರು. ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ಹೊರಡುತ್ತಿದ್ದರು.

ಇದನ್ನು ಬರೆಯುವ ಮೊದಲು ನಾಲ್ಕು ದಿನ ಯೋಚಿಸಿದೆ. ಮರೆಯಲಾಗದ ಅನುಭವ ಎಂದರೆ ಬಸ್ಸು ತಪ್ಪಿದ್ದು, ಕಳ್ಳ ಬಂದದ್ದು, ಗುರುತಿಲ್ಲದ ಪುಣ್ಯಾತ್ಮರು ಸಹಾಯ ಮಾಡಿದ್ದು, ಇಂಥವನ್ನೇ ಎಲ್ಲರೂ ಪತ್ರಿಕೆಗೆ ಬರೆಯುತ್ತಾರೆ. ನನ್ನದು ತುರಿಕೆಯ ಕಥೆ. ಅದೂ ಮೈಕೈ ತುರಿಕೆಯಲ್ಲ, ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳದ ಜಾಗದ ತುರಿಕೆ. ನಾನು ಹಾಳೆ ಹಿಡಿದು ಸುಮ್ಮನೆ ಕೂತದ್ದನ್ನು ಕಂಡು ಅತ್ತೆ, "ಏನ ಬರ್ಯಾಕತ್ತಿ?" ಎಂದು ಕೇಳಿದರು. ಹೇಳಿದೆ. "ಬರಿ, ಬರಿ. ನನ್ನ ಹೆಸರನೂ ಹಾಕು," ಎಂದರು. ಅವರ ಅಪ್ಪಣೆಯಾದ ಮೇಲೆ ನನಗೇನು ಸಂಕೋಚ?

ಆ ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು. ಕಟ್ಟಿಗೆ ಒಟ್ಟುವಾಗ ಉಗುರಿನ ಸಂದಿಗೆ ಸಿಬಿರು ಹೊಕ್ಕು ನನ್ನ ಬೆರಳು ಕೀವು ತುಂಬಿ ಬಾತುಕೊಂಡಿತು. ಖಾನಾಪುರದ ಡಾಕ್ಟರರು ಕೀವು ತೆಗೆದು ಎಂಟು ದಿನ ನುಂಗಲು ಕ್ಯಾಪ್ಸೂಲು ಕೊಟ್ಟರು. ಬೆರಳು ನೆಟ್ಟಗಾಯಿತು. ಅದಾದ ಒಂದು ವಾರಕ್ಕೆ ತುರಿಕೆ ಶುರುವಾಯಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಬೆರಳು ಎಲ್ಲಿ, ಇದು ಎಲ್ಲಿ.

ಮೊದಲು ಸ್ವಲ್ಪ ಕಡಿತ. ಆಮೇಲೆ ಮೂತ್ರಕ್ಕೆ ಹೋದರೆ ಉರಿ. ಆಮೇಲೆ ಒಡೆದ ಮೊಸರಿನಂಥ ಬಿಳಿ. ಹಗಲು ಕೆಲಸದ ಗದ್ದಲದಲ್ಲಿ ಹೇಗೋ ಸಾಗುತ್ತಿತ್ತು. ರೊಟ್ಟಿ ಬಡಿಯುವಾಗ ಎರಡೂ ಕೈಗೆ ಹಿಟ್ಟಾಗಿರುತ್ತದೆ, ಕೆರೆದುಕೊಳ್ಳುವ ಹಾಗೇ ಇಲ್ಲ, ಅದೊಂದು ಪುಣ್ಯ. ಆದರೆ ಕೂತು ಜೋಳ ಹಸನು ಮಾಡುವಾಗ ಜೀವ ಹೋಗುತ್ತಿತ್ತು. ಎಷ್ಟು ತೊಳೆದರೆ ಅಷ್ಟು ಸ್ವಚ್ಛ ಎಂದುಕೊಂಡು ಕೆಂಪು ಸಾಬೂನಿನಿಂದ ದಿನಕ್ಕೆ ಮೂರು ಸಲ, ಸುಡುವಷ್ಟು ಬಿಸಿ ನೀರಿನಲ್ಲಿ ತೊಳೆದೆ. ಬೇವಿನ ಎಲೆ ಕುದಿಸಿ ತೊಳೆದೆ. ತೊಳೆದಷ್ಟೂ ಉರಿ ಹೆಚ್ಚಾಯಿತು.

ನಮ್ಮದು ಲಿಂಗವಂತರ ಮನೆ. ತಿಂಗಳ ದಿನಗಳಲ್ಲಿ ಹೆಂಗಸರು ಹೊರಗೆ ಕೂಡುವ ಪದ್ಧತಿ ನಮ್ಮಲ್ಲಿಲ್ಲ. "ಲಿಂಗ ಕಟ್ಟಿದ ಮೈಗಿ ಎಲ್ಲೀ ಸೂತಕ?" ಎಂದು ಅತ್ತೆ ಓಣಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ಆ ದಿನಗಳಲ್ಲಿ ಅಡಿಗೆ ಮಾಡುತ್ತಿದ್ದೆ, ಪೂಜೆ ಮಾಡುತ್ತಿದ್ದೆ. ಆದರೆ ಆ ದಿನಗಳ ಬಟ್ಟೆಯನ್ನು ಮಾತ್ರ ಒಗೆದು, ಜೋಳದ ಕಣಜದ ಹಿಂದಿನ ಕತ್ತಲಲ್ಲಿ, ಹಳೇ ಸೀರೆಯ ಕೆಳಗೆ ಒಣಹಾಕಬೇಕು. ಮಳೆಗಾಲದಲ್ಲಿ ಅದು ಮೂರು ದಿನವಾದರೂ ಹಸಿಹಸಿಯೇ. ಮೈಗೆ ಸೂತಕವಿಲ್ಲದ ಮನೆಯಲ್ಲಿ ಬಾಯಿಗೆ ಮಾತ್ರ ಸೂತಕವಿತ್ತು ಎಂದು ಈಗ ಅನಿಸುತ್ತದೆ. ಆಗ ಹಾಗೆಲ್ಲ ಯೋಚಿಸುವ ಬುದ್ಧಿ ನನಗಿರಲಿಲ್ಲ.

ತುರಿಕೆಗಿಂತ ದೊಡ್ಡ ಕಾಟ ತಲೆಯೊಳಗೆ ನಡೆದಿತ್ತು. ಹಿಂದೊಮ್ಮೆ ಬಾವಿಕಟ್ಟೆಯಲ್ಲಿ ಹೆಂಗಸರು ಯಾರದೋ ಮಾತಾಡುತ್ತ, ಶಹರದಲ್ಲಿ ಖೋಲಿ ಮಾಡಿಕೊಂಡಿರುವ ಗಂಡಸರು ಎಲ್ಲೆಲ್ಲೋ ಹೋಗಿ ಕೆಟ್ಟ ರೋಗ ತಂದು ಹೆಂಡತಿಗೆ ಅಂಟಿಸುತ್ತಾರೆ ಎಂದಿದ್ದರು. ಆಗ ಕೊಡ ತುಂಬಿಕೊಂಡು ನಕ್ಕು ಬಂದಿದ್ದೆ. ಈಗ ಆ ಮಾತು ಬೆನ್ನು ಹತ್ತಿತು. ನಮ್ಮ ಯಜಮಾನರೂ ಖೋಲಿಯಲ್ಲಿ ಇರುವವರೇ ಅಲ್ಲವೇ? ಅವರು ಒಂದು ಬಿರುಸು ಮಾತು ಆಡಿದವರಲ್ಲ, ವಾರ ವಾರ ನನಗೆ ಕುಂದಾ ಕಟ್ಟಿಸಿಕೊಂಡು ಬರುವವರು. ಆದರೂ ಸಂಶಯ ಒಮ್ಮೆ ಹೊಕ್ಕರೆ ಕುಂದಾದ ಸಿಹಿಗೂ ಹೊರಡುವುದಿಲ್ಲ. ತಪ್ಪು ಮಾಡಿ ಬಂದು ಅದನ್ನು ಮುಚ್ಚಲು ಕುಂದಾ ತರುತ್ತಾರೇನೋ ಅನಿಸಹತ್ತಿತು. ಇದು ಅವರಿಂದ ಬಂದದ್ದೇ ಆಗಿದ್ದರೆ ನಾನು ಈ ಮನೆಯಲ್ಲಿ ಇರುವುದಿಲ್ಲ, ತವರಿಗೆ ಹೋಗುವುದೇ ಸೈ ಎಂದು ಮನಸ್ಸಿನಲ್ಲೇ ಗಂಟು ಕಟ್ಟಿ ಇಟ್ಟಿದ್ದೆ. ಶನಿವಾರ ಬಂದರೆ ನನಗೆ ತಲೆನೋವು. ಎರಡು ಶನಿವಾರ ತಲೆನೋವಾಯಿತು, ಮೂರನೇ ಶನಿವಾರ ಸೊಂಟನೋವಾಯಿತು. ಅವರು ಮೋರೆ ಸಣ್ಣದು ಮಾಡಿಕೊಂಡು ಹೊರಗಿನ ಪಡಸಾಲೆಯಲ್ಲಿ ಮಲಗಿದರು.

ಬಾಯಿ ಬಿಡಿಸಿದವಳು ಬಳೆಗಾರ್ತಿ ಹಸನಬಿ. ತಿಂಗಳಿಗೊಮ್ಮೆ ಬರುತ್ತಿದ್ದಳು. ಬಳೆ ಇಡುವಾಗ ನಾನು ಕೂತಲ್ಲಿ ಕೂರದೆ ಹೊರಳಾಡುವುದನ್ನು ನೋಡಿ ನನ್ನ ಕೈ ಬಿಡದೆ ಸಣ್ಣ ದನಿಯಲ್ಲಿ, "ಯಾಕವಾ, ತುರಿಕಿ ಏನ?" ಎಂದಳು. ನನಗೆ ಬೆವರು ಬಂತು. "ನನ್ನ ಮಗಳಿಗೂ ಆಗಿತ್ತವಾ. ಬೆಳಗಾವ್ಯಾಗ ಡಾಕ್ಟರಬಾಯಿ ಅದಾರ, ಹೆಂಗಸರಿಗೆ ಅಂತನ. ತೋರಿಸಿದ್ವಿ, ಎಂಟ ದಿನದಾಗ ಆರಾಮ ಆತು. ಹೇಳಾಕ ನಾಚಿಕಿ ಯಾಕ? ಅಲ್ಲಾ ಕೊಟ್ಟ ಮೈ, ಅದಕ್ಕೂ ಬ್ಯಾನಿ ಬರ್ತಾವ." ಅವಳು ನನ್ನ ಕೈಗೆ ಹಸಿರು ಬಳೆ ಇಟ್ಟು, ಬಳೆ ಬಿಟ್ಟಿದ್ದ ಅತ್ತೆಯ ಕೈ ಹಿಡಿದು ಸ್ವಲ್ಪ ಹೊತ್ತು ಮಾತಾಡಿ ಹೋದಳು.

ಅಂದೇ ಮಧ್ಯಾಹ್ನ ಧೈರ್ಯ ಮಾಡಿ ಅತ್ತೆಯ ಮುಂದೆ ಹೇಳಿದೆ. ನಮ್ಮ ಅತ್ತೆಯ ಬಾಯಿ ಊರಿಗೆಲ್ಲ ಗೊತ್ತು. ಬಸ್ಸಿನ ಕಂಡಕ್ಟರು ಅವರಿಗೆ ಹೆದರಿ ಸೀಟು ಮಾಡಿಕೊಡುತ್ತಿದ್ದ. ಅಂಥವರು ನನ್ನ ಮಾತು ಕೇಳಿ ಬಾಗಿಲ ಕಡೆ ನೋಡಿದರು. ಆಮೇಲೆ, "ಉಷ್ಣ ಅದು. ಇದನ್ನೆಲ್ಲಾ ಯಾರ ಮುಂದೂ ಆಡಬ್ಯಾಡ," ಎಂದು ಎದ್ದುಹೋದರು. ಸಂಜೆಗೆ ಕೊತ್ತಂಬರಿ ಬೀಜ ನೆನೆಸಿದ ನೀರು ತಂದುಕೊಟ್ಟರು. ಮರುದಿನ ಬಚ್ಚಲಿಗೆ ಕರೆದು ಗೂಡಿನೊಳಗಿನ ತುರಟಿ ತೋರಿಸಿದರು. ಕ್ಷೌರವಾದ ಮೇಲೆ ಕೆನ್ನೆಗೆ ತಿಕ್ಕುತ್ತಾರಲ್ಲ, ಆ ಬಿಳಿ ಕಲ್ಲು. "ಇದನ್ನ ಬಿಸಿ ನೀರಾಗ ಕದಡಿ ತೊಳಕೋ. ಕಡಿತ ಗಪ್ ನಿಲ್ಲತೈತಿ." ಆ ಕಲ್ಲು ಸವೆದು ಸವೆದು ಅಡಿಕೆಯಷ್ಟಾಗಿತ್ತು. ಮನೆಯಲ್ಲಿ ಗಡ್ಡ ಮಾಡಿಕೊಳ್ಳುವವರು ವಾರಕ್ಕೊಮ್ಮೆ ಬರುವ ಯಜಮಾನರೊಬ್ಬರೇ. ಮುಷ್ಟಿಗಾತ್ರದ ಕಲ್ಲು ಅಷ್ಟು ಸವೆದದ್ದು ಹೇಗೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ.

ತುರಟಿ ನೀರಿನಿಂದ ತುರಿಕೆ ನಿಲ್ಲಲಿಲ್ಲ. ಚರ್ಮ ಒಣಗಿ ಬಿರಿದು ಇನ್ನಷ್ಟು ಉರಿಯಿತು. ನಾಲ್ಕನೇ ಶನಿವಾರ ನಾನು ಹೊಸ ನೋವು ಯಾವುದು ಹೇಳಲಿ ಎಂದು ಹುಡುಕುತ್ತಿದ್ದಾಗ ಯಜಮಾನರು ಬರಲೇ ಇಲ್ಲ. ಹೆಚ್ಚಿನ ಪಾಳಿ ಬಿದ್ದಿದೆ ಎಂದು ಯಾರದೋ ಕೈಲಿ ಹೇಳಿ ಕಳಿಸಿದರು. ಅವತ್ತು ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಅತ್ತೆ ಗೌರವ್ವ ಬಾಗಿಲಲ್ಲಿ ನಿಂತು ನೋಡಿದರು. ಸೋಮವಾರ ಮುಂಜಾನೆ ನಾನು ಏಳುವ ಹೊತ್ತಿಗೆ ಅವರು ಇಳಕಲ್ಲ ಸೀರೆ ಉಟ್ಟು ತಯಾರಾಗಿದ್ದರು.

"ಏಳ, ಬೆಳಗಾವಿಗಿ ಹೋಗೂಣು. ಹಸನಬಿ ಹೇಳಿದ ಡಾಕ್ಟರಬಾಯಿ ಕಡೆ."

ಹಸನಬಿ ಅವರಿಗೂ ಹೇಳಿದ್ದಾಳೆ ಎಂದು ಆಗಲೇ ನನಗೆ ಗೊತ್ತಾದದ್ದು. ಯಾಕೆ ಹೇಳಿದಳು ಎಂದು ಮಾತ್ರ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ನಮ್ಮ ಊರಿನ ಗೌಡರು ಸಿಕ್ಕರು. "ಅತ್ತಿ ಸೊಸಿ ಜೋಡೀಲೆ ಎಲ್ಲಿಗಿ ಹೊಂಟೀರಿ?" ಎಂದು ಕೇಳಿದರು. ಅತ್ತೆ ಕಣ್ಣು ಮಿಟುಕಿಸದೆ, "ಕಣ್ಣ ತೋರಿಸಾಕರಿ," ಎಂದರು. "ಯಾರದು?" "ಇಬ್ಬರದೂ." ಗೌಡರು ಪಾಪ, ತಮ್ಮ ತಾಯಿಯ ಕಣ್ಣಿನ ಪೊರೆಯ ಕಥೆಯನ್ನು ಖಾನಾಪುರದ ತನಕ ಹೇಳಿದರು. ಅತ್ತೆ ದಾರಿಯಲ್ಲಿ ಎರಡು ಸಲ ಕೂಜಾ ಎತ್ತಿ ನೀರು ಕುಡಿದರು. ಖಾನಾಪುರದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಬಂದರು, ಬೆಳಗಾವಿಯ ಸ್ಟ್ಯಾಂಡಿನಲ್ಲಿ ಮತ್ತೆ ಹೋಗಿ ಬಂದರು. ವಯಸ್ಸಾದವರು, ಬಸ್ಸಿನ ಕುಲುಕಾಟ ಎಂದುಕೊಂಡೆ.

ದವಾಖಾನೆ ಸ್ಟ್ಯಾಂಡಿಗೆ ದೂರವಿರಲಿಲ್ಲ. ಒಂದು ಹಳೆಯ ಮನೆಯ ಮುಂದಿನ ಎರಡು ಖೋಲಿ. ಡಾಕ್ಟರಬಾಯಿ ನಲವತ್ತರ ಆಸುಪಾಸಿನವರು, ಗಂಜಿ ಹಾಕಿದ ಬಿಳಿ ಸೀರೆ, ದಪ್ಪ ಚಷ್ಮಾ. ನಮ್ಮ ಸರದಿ ಬಂದಾಗ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆವು.

ನಮ್ಮ ಕಡೆ ಆಗ ಒಂದು ರೂಢಿ ಇತ್ತು. ಸೊಸೆಗೆ ಏನೇ ಬೇನೆಯಿರಲಿ, ಡಾಕ್ಟರರ ಮುಂದೆ ಹೇಳುವವರು ಅತ್ತೆ. ಸೊಸೆ ನಾಲಗೆ ಚಾಚು ಎಂದರೆ ಚಾಚಬೇಕು, ಕೈ ನೀಡು ಎಂದರೆ ನೀಡಬೇಕು, ಉಳಿದಂತೆ ನೆಲ ನೋಡುತ್ತ ಕೂಡಬೇಕು. ತಾನೇ ಮಾತಾಡುವ ಸೊಸೆಗೆ ಗಟ್ಟಿಗಿತ್ತಿ ಎಂದು ಹೆಸರು ಬೀಳುತ್ತಿತ್ತು. ನಾನೂ ನೆಲ ನೋಡುತ್ತ ಕೂತೆ.

"ಹೇಳ್ರಿ, ಏನಾಗ್ಯದ?" ಎಂದರು ಡಾಕ್ಟರಬಾಯಿ.

ಅತ್ತೆ ಗಂಟಲು ಸರಿಮಾಡಿಕೊಂಡರು. "ನನ್ನ ಸೊಸಿರೀ. ಆಕಿಗೆ... ಕೆಳಗ, ತುರಿಕಿ ಐತ್ರಿ."

"ಎಷ್ಟ ದಿನ ಆತು?"

"ಒಂದೂವರಿ ವರ್ಷ ಆತ್ರಿ."

ನಾನು ತಲೆ ಎತ್ತಿದೆ. ನನ್ನದು ಐದು ವಾರದ್ದು. ಅತ್ತೆ ನನ್ನ ಕಡೆ ನೋಡಲಿಲ್ಲ, ಅಷ್ಟು ದಿನ ತಡೆದಿಟ್ಟ ನೀರು ಒಡ್ಡು ಒಡೆದ ಹಾಗೆ ಹೇಳುತ್ತಲೇ ಹೋದರು. ಒಮ್ಮೆ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕು. ಬಾಯಿ ಒಣಗುತ್ತದೆ, ಒಂದು ತಂಬಿಗೆ ನೀರು ಕುಡಿದರೂ ಸಾಲದು. ಉಂಡದ್ದು ಮೈಗೆ ಹತ್ತುವುದಿಲ್ಲ, ಕುಪ್ಪಸ ಸಡಿಲಾಗಿವೆ. ಕಾಲಿನ ಬೆರಳಿಗೆ ಎಡವಿದ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ.

ಡಾಕ್ಟರಬಾಯಿ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಏನವಾ, ರಾತ್ರಿ ನಾಕೈದ ಸರ್ತಿ ಏಳ್ತೀಯೇನು?"

"ಇಲ್ರಿ, ನಾ ಮಲಗಿದ್ರ ಬೆಳತನಕ ಏಳೂದಿಲ್ರಿ," ಎಂದುಬಿಟ್ಟೆ. ಅನ್ನುವುದೇ ತಡ, ಸೆರಗಿನ ಮರೆಯಲ್ಲಿ ಅತ್ತೆ ನನ್ನ ತೊಡೆಗೆ ಚಿವುಟಿದರು. ಎಂಥ ಚಿವುಟು ಎಂದರೆ ನನಗೆ ತುರಿಕೆ ಮರೆತುಹೋಯಿತು.

ಡಾಕ್ಟರಬಾಯಿಗೆ ಅದು ಕಂಡಿತೋ ಇಲ್ಲವೋ ಗೊತ್ತಿಲ್ಲ. ನನ್ನ ಎರಡೂ ಪಾದ ನೋಡಿದರು, ಗಾಯವಿಲ್ಲ. ಮೈತುಂಬ ಇದ್ದ ಕುಪ್ಪಸ ನೋಡಿದರು. ಆಮೇಲೆ ಅತ್ತೆಯ ಕಡೆ ನೋಡಿ, "ಅತ್ತಿಯವರು ಇಲ್ಲೇ ಕುಂದರ್ರಿ. ನೀ ಪಡದೆದ ಹಿಂದ ಬಾರವಾ," ಎಂದು ನನ್ನನ್ನು ಕರೆದುಕೊಂಡು ಹೋದರು.

ಪರದೆಯ ಹಿಂದೆ ಅವರು ಕೇಳಿದ ಮೊದಲ ಮಾತೇ, "ಈಗ ನಿಂದ ನೀ ಹೇಳು." ಅಲ್ಲಿಯತನಕ ನನ್ನ ಮೈಯ ಬಗ್ಗೆ ಯಾವ ಡಾಕ್ಟರರೂ ನನ್ನನ್ನೇ ಕೇಳಿರಲಿಲ್ಲ. ಹೇಳಿದೆ. ಅವರು ಪರೀಕ್ಷೆ ಮಾಡಿದರು, ಹತ್ತಿಯ ಕಡ್ಡಿಯಿಂದ ಸ್ವಲ್ಪ ಬಿಳಿ ತೆಗೆದು ಗಾಜಿನ ಪಟ್ಟಿಗೆ ಸವರಿ, ದುರ್ಬೀನಿನಂಥ ಯಂತ್ರದಲ್ಲಿ ನೋಡಿ ಬಂದರು. "ಹೋದ ತಿಂಗಳ ಏನರ ಔಷಧ ತಗೊಂಡಿದ್ದೇನು?" ಎಂದು ಕೇಳಿದರು. ಬೆರಳಿನ ಕ್ಯಾಪ್ಸೂಲಿನ ಮಾತು ಹೇಳಿದೆ.

"ಹಾಂ, ಅದs. ಯೋನಿ ಒಳಗ ನಮ್ಮನ್ನ ಕಾಯೂ ಒಳ್ಳೆ ಕ್ರಿಮಿ ಇರ್ತಾವ. ಆ ಕ್ಯಾಪ್ಸೂಲು ಬೆರಳಿನ ಕೀವಿನ ಜೋಡಿ ಅವನ್ನೂ ಕೊಂದಾವ. ಕಾವಲ ಹೋದ ಮ್ಯಾಲೆ ಬೂಷ್ಟು ಬೆಳದದ. ಉಪ್ಪಿನಕಾಯಿಗೆ ಬೂಷ್ಟು ಹಿಡಿಯೂದಿಲ್ಲೇನು, ಹಂಗ. ಅದರ ಮ್ಯಾಲೆ ನೀ ಸಾಬೂನು, ತುರಟಿ ಹಚ್ಚಿ ಚರ್ಮ ಸುಟ್ಟುಕೊಂಡೀ."

ಯೋನಿ ಎಂಬ ಮಾತನ್ನು ಒಬ್ಬ ಹೆಂಗಸು ಮೂಗು, ಕಿವಿ ಅಂದ ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಧೈರ್ಯದ ಮೇಲೆ ನಾನೂ ಕೇಳಿಯೇಬಿಟ್ಟೆ. "ಡಾಕ್ಟರ್‌ಬಾಯರ, ಇದು... ನಮ್ಮ ಮನಿಯವರಿಂದ ಬಂದದ್ದಲ್ಲಲ್ರಿ?"

ಅವರು ನನ್ನ ಮೋರೆ ನೋಡಿದರು. ಐದು ವಾರದ್ದೆಲ್ಲ ಅಲ್ಲೇ ಬರೆದಿತ್ತೇನೋ. "ಅಲ್ಲವಾ. ಇದು ಯಾರ ತಪ್ಪಿನಿಂದ ಬಂದದ್ದೂ ಅಲ್ಲ. ನಾಚಿಕಿ ರೋಗ ಅಲ್ಲ ಇದು, ಲಗ್ನ ಆಗದ ಹುಡುಗ್ಯಾರಿಗೂ ಬರ್ತದ. ಬ್ಯಾರೆ ಕೆಲವು ಹಂಗ ಅಂಟಿಕೊಳ್ಳೂ ರೋಗ ಅದಾವ, ಅವಕ್ಕೂ ತುರಿಕಿ ಇರ್ತದ. ಹೊರಗ ನಿಂತು ಯಾವುದು ಯಾವುದು ಅಂತ ಹೇಳಾಕ ಬರೂದಿಲ್ಲ. ಅದಕ್ಕs ತೋರಿಸಬೇಕು."

ನನಗೆ ಅಳು ಬಂತು. ಪರೀಕ್ಷೆಯ ಮಂಚದ ಮೇಲೆ ಮಲಗಿಕೊಂಡೇ ಬಿಕ್ಕಿದೆ, ನಕ್ಕೆ. ಆ ಕ್ಷಣ ಯಜಮಾನರು ಎದುರಿಗಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆನೋ, ಅವರನ್ನು ಸಂಶಯಿಸಿದ ಕೋಪಕ್ಕೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುತ್ತಿದ್ದೆನೋ. ಡಾಕ್ಟರಬಾಯಿ ನೇರಳೆ ಬಣ್ಣದ ಔಷಧವನ್ನು ಹತ್ತಿಯಿಂದ ಹಚ್ಚಿದರು, ಒಳಗೆ ಇಟ್ಟುಕೊಳ್ಳುವ ಗುಳಿಗೆ ಬರೆದುಕೊಟ್ಟರು. "ನುಂಗೂದಲ್ಲ" ಎಂದು ಮೂರು ಸಲ ಹೇಳಿದರು. ಯಾರೋ ನುಂಗಿರಬೇಕು.

ಪರದೆ ಸರಿಸಿ ಬಂದು ಅವರು ಅತ್ತೆಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಅತ್ತಿಯವರ, ಸೊಸಿದು ಆತು. ಎಂಟ ಹತ್ತ ದಿನದಾಗ ಆರಾಮ ಆಗ್ತಾಳ. ಈಗ ಒಂದೂವರಿ ವರ್ಷದ ತುರಿಕಿ ಇರೂ ಹೆಣಮಗಳು ಎಲ್ಲಿ ಅದಾರ, ಅವರನ್ನ ಕರೀರಿ."

ಬಸ್ಸಿನ ಕಂಡಕ್ಟರನನ್ನು ನಡುಗಿಸುವ ನಮ್ಮ ಅತ್ತೆ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ, "ನಾನs ರೀ," ಎಂದರು. "ಮುಟ್ಟ ನಿಂತ ಮುದುಕಿ. ಈ ವಯಸ್ಸಿನ್ಯಾಗ ಇಂಥಾದ್ದ ಹೇಳಿದ್ರ ಜನ ಏನಂದಾರು ಅಂತ... ಸೊಸಿ ನೆವದಾಗ ಔಷಧ ಸಿಕ್ಕರ ಇಬ್ಬರೂ ಹಂಚಿಕೊಂಡ್ರಾತು ಅಂದ್ಕೊಂಡ್ನಿ."

ಹಸನಬಿ ಅವರಿಗೂ ಯಾಕೆ ಹೇಳಿದ್ದಳು ಎಂಬುದು ಆಗ ತಿಳಿಯಿತು. ನನ್ನ ಕೈ ಹಿಡಿದು ನನ್ನ ತುರಿಕೆ ಕಂಡವಳಿಗೆ ಅತ್ತೆಯ ಕೈ ಹಿಡಿದಾಗ ಅವರದೂ ಕಂಡಿತ್ತು. ಬಚ್ಚಲಿನ ತುರಟಿ ಸವೆದದ್ದು ಹೇಗೆ ಎಂಬುದೂ ತಿಳಿಯಿತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರು ಹೆಂಗಸರು ಒಂದೇ ಸಂಕಟವನ್ನು ಒಬ್ಬರಿಗೊಬ್ಬರು ಬಚ್ಚಿಟ್ಟು ಕೂತಿದ್ದೆವು.

ಡಾಕ್ಟರಬಾಯಿ ಅತ್ತೆಯನ್ನೂ ಪರೀಕ್ಷೆ ಮಾಡಿದರು. ಆಮೇಲೆ ಮೂತ್ರ ತರಿಸಿ, ಗಾಜಿನ ನಳಿಗೆಯಲ್ಲಿ ನೀಲಿ ನೀರಿನಂಥದ್ದು ಹಾಕಿ, ಅದಕ್ಕೆ ನಾಲ್ಕು ಹನಿ ಬಿಟ್ಟು ಸಣ್ಣ ದೀಪದ ಮೇಲೆ ಕಾಯಿಸಿದರು. ನಾವಿಬ್ಬರೂ ನೋಡುತ್ತ ನಿಂತೆವು. ನೀಲಿ ಹೋಗಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತ ನಮ್ಮ ಖಾನಾಪುರದ ಹೆಂಚಿನ ಬಣ್ಣಕ್ಕೆ ಬಂತು.

"ಸಕ್ಕರಿ ಕಾಯಿಲೆ ಅದ ನಿಮಗ," ಎಂದರು. "ರಕ್ತ ತಗೊಂಡು ಖಾತ್ರಿ ಮಾಡೂಣು. ಮೈಯಾಗ ಸಕ್ಕರಿ ಹೆಚ್ಚಾದ್ರ ಈ ಬೂಷ್ಟಿಗೆ ಹಬ್ಬ. ಎಷ್ಟ ಔಷಧ ಹಚ್ಚಿದ್ರೂ ತಿರುಗಿ ತಿರುಗಿ ಬರ್ತದ. ನಿಮ್ಮ ತುರಿಕಿ ಒಂದೂವರಿ ವರ್ಷದಿಂದ ಅದನ್ನs ಹೇಳಾಕ ಹತ್ತಿತ್ತು, ನೀವು ಬಾಯಿ ಮುಚ್ಚಿಸಿದ್ರಿ. ಇನ್ನ ಆರು ತಿಂಗಳ ಬಿಟ್ಟಿದ್ರ ಆ ಕಾಲಿನ ಬೆರಳ ತಗೀಬೇಕಾಗ್ತಿತ್ತೋ ಏನೋ."

ಅತ್ತೆ ತಮ್ಮ ಕಾಲಿನ ಬೆರಳನ್ನೇ ನೋಡುತ್ತ ಕೂತರು. ನಾನು ಅವರ ಕೈ ಹಿಡಿದುಕೊಂಡೆ. ಮದುವೆಯಾದ ಮೇಲೆ ಅವರ ಕೈಯನ್ನು ನಾನಾಗಿ ಹಿಡಿದದ್ದು ಅದೇ ಮೊದಲು.

ಹೊರಡುವ ಮುಂಚೆ ಡಾಕ್ಟರಬಾಯಿ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. ಒಳಗೆ ಏನೂ ಹಾಕಿ ತೊಳೆಯಬೇಡಿ, ಹೊರಗೆ ತಣ್ಣನೆಯ ಬರೀ ನೀರು ಸಾಕು. ಒದ್ದೆ ಬಟ್ಟೆಯಲ್ಲಿ ಇರಬೇಡಿ, ನೂಲಿನದು ಉಡಿ, ಒಗೆದದ್ದನ್ನು ಬಿಸಿಲಿಗೇ ಒಣಹಾಕಿ. ಮೊದಲ ಸಲ ತುರಿಕೆ ಬಂದರೆ ತೋರಿಸಿ, ಊಹೆಯ ಮೇಲೆ ಔಷಧ ಬೇಡ. ಬಸುರಿಯಾಗಿದ್ದರೆ ಕಾಯಲೇಬೇಡಿ. ಕೆಟ್ಟ ವಾಸನೆ, ಹಸಿರು ಹಳದಿ ಸ್ರಾವ, ಹುಣ್ಣು, ಕಿಬ್ಬೊಟ್ಟೆಯ ನೋವು, ಜ್ವರ ಇದ್ದರೆ ಆವತ್ತೇ ಬನ್ನಿ. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ. ಮತ್ತೆ ಮತ್ತೆ ಬಂದರೆ ಸಕ್ಕರೆ ನೋಡಿಸಿ. "ಇಷ್ಟು ತಿಳಿದಿದ್ರ ಸಾಕು. ತಿಳಿದದ್ದನ್ನ ನಾಕ ಜನಕ್ಕ ಹೇಳ್ರಿ," ಎಂದರು.

ಒಂದು ವಾರದಲ್ಲಿ ನನ್ನ ತುರಿಕೆ ಮುಕ್ಕಾಲು ಹೋಯಿತು. ಆದರೆ ಆ ನೇರಳೆ ಔಷಧದ ಕಲೆ ಮಾತ್ರ ಯಾವ ಸಾಬೂನಿಗೂ ಜಗ್ಗಲಿಲ್ಲ. ಸೀರೆಯೊಳಗೆ ಉಡುವ ನನ್ನ ಎರಡು ಪರಕಾರ, ಅತ್ತೆ ಮಡಚಿ ಕಟ್ಟಿಕೊಳ್ಳುತ್ತಿದ್ದ ಹಳೇ ಧೋತರದ ತುಂಡು, ಎಲ್ಲವೂ ನೇರಳೆ. ಒಗೆದು ನಾನು ಹಳೇ ಅಭ್ಯಾಸದಂತೆ ಕಣಜದ ಹಿಂದೆ ಹೊರಟಾಗ ಅತ್ತೆ ತಡೆದರು. ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಅಂಗಳದ ನಡುವಿನ ತಂತಿಯ ಮೇಲೆ, ಊರೆಲ್ಲ ನೋಡುವ ಹಾಗೆ ಹರವಿದರು. ಎದುರು ಮನೆಯವರು ಬಂದು, "ಇದೇನ ಗೌರಕ್ಕಾ, ಎಂಥಾ ಬಣ್ಣ ಇದು? ಕಣ್ಣಿನ ಔಷಧನ?" ಎಂದರು. ಬಸ್ಸಿನ ಗೌಡರು ಊರೆಲ್ಲ ನಮ್ಮ ಕಣ್ಣಿನ ವಿಚಾರ ಹಬ್ಬಿಸಿದ್ದರು. ಈಗ ಅತ್ತೆ ಏನು ಹೇಳುತ್ತಾರೋ ಎಂದು ನಾನು ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತೆ.

"ಕಣ್ಣಿಂದಲ್ಲ, ತುರಿಕಿದು," ಎಂದರು ಅತ್ತೆ. "ನನಗೂ ಇತ್ತು, ಸೊಸಿಗೂ ಇತ್ತು. ಡಾಕ್ಟರಬಾಯಿ ಕಡೆ ತೋರಿಸಿ ಬಂದ್ವಿ. ನಿನಗ ಇದ್ರ ನೀನೂ ಹೋಗ, ಪತ್ತೆ ಕೊಡ್ತೀನಿ."

ಎದುರು ಮನೆಯವರು ಬಾಯಿಗೆ ಸೆರಗು ಹಚ್ಚಿಕೊಂಡು ಓಡಿಹೋದರು. ಮೂರು ದಿನಕ್ಕೆ ಹಿತ್ತಿಲ ಬಾಗಿಲಿನಿಂದ ಬಂದು ವಿಳಾಸ ಕೇಳಿದರು. ಆ ಚಳಿಗಾಲದಲ್ಲಿ ನಮ್ಮ ಓಣಿಯಿಂದ ಐದಾರು ಜನ ಬೆಳಗಾವಿಗೆ ಹೋಗಿ ಬಂದರು.

ಯಜಮಾನರು ಮುಂದಿನ ಶನಿವಾರ ಬಂದು ತಂತಿ ನೋಡಿ, "ನೀಲಿ ಹಾಕಿದ್ದು ಹೆಚ್ಚಾತೇನು?" ಎಂದರು. ಅವತ್ತು ನಾನು ಎಲ್ಲವನ್ನೂ ಹೇಳಿದೆ, ಸಂಶಯ ಪಟ್ಟದ್ದನ್ನೂ ಹೇಳಿದೆ. ಅವರು ತಮ್ಮ ತೋಳನ್ನು ಮೂಸಿ ನೋಡಿಕೊಂಡರು. ಆಮೇಲೆ, "ನನ್ನ ಮೈಗೆ ಕಾರ್ಖಾನಿ ಮಸಿ ವಾಸನಿ ಬರ್ತೈತಿ, ಅದಕ್ಕ ನೀ ದೂರ ಸರಿತಿ ಅಂತ ತಿಳಕೊಂಡಿದ್ನಿ. ಬರೂ ಮೊದಲ ಎರಡ ಸರ್ತಿ ಜಳಕಾ ಮಾಡಾಕತ್ತಿದ್ನಿ," ಎಂದರು. ನಾನು ತೊಳೆದುಕೊಂಡದ್ದೂ ದಂಡ, ಅವರು ತೊಳೆದುಕೊಂಡದ್ದೂ ದಂಡ. ಇಬ್ಬರೂ ನಕ್ಕೆವು. ಕುಂದಾ ಮತ್ತೆ ಸಿಹಿಯಾಯಿತು.

ಅತ್ತೆ ಅಂದಿನಿಂದ ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಿಲ್ಲ, ಬೆಲ್ಲದ ಚಹಾ ಬಿಟ್ಟರು, ಕಾಲಿನ ಬೆರಳು ಇವತ್ತಿಗೂ ಹತ್ತಕ್ಕೆ ಹತ್ತು ಇವೆ. ಕೆಲವು ವರ್ಷಗಳ ಹಿಂದೆ ನಾವು ಬೆಳಗಾವಿಯ ಮಹಾಂತೇಶ ನಗರಕ್ಕೆ ಬಂದೆವು. ಆ ನೇರಳೆ ಔಷಧ ಈಗ ಹಿಂದೆ ಸರಿದಿದೆ, ಕಲೆಯಾಗದ ಮುಲಾಮು ಬಂದಿವೆ.

ಇದನ್ನು ಈಗ, ೧೯೮೯ರಲ್ಲಿ, ಬರೆಯಲು ಕಾರಣ ಕಳೆದ ತಿಂಗಳು ನಡೆದದ್ದು. ಎಂಟನೇ ತರಗತಿಯ ನನ್ನ ಮಗಳು ಸಾಲಿಯಿಂದ ಬಂದು ಚೀಲ ಇಟ್ಟವಳೇ, "ಅವ್ವಾ, ನನಗ ಕೆಳಗ ತುರಿಕಿ ಆಗೇತಿ, ನಾಕ ದಿನ ಆತು," ಎಂದಳು. ಮಾರನೆಯ ದಿನ ಅದೇ ಡಾಕ್ಟರಬಾಯಿಯ ಹತ್ತಿರ ಮೂವರೂ ಹೋದೆವು. ಅವರ ಕೂದಲು ಬೆಳ್ಳಗಾಗಿದೆ, ಚಷ್ಮಾ ಇನ್ನೂ ದಪ್ಪವಾಗಿದೆ. ಮೂವರೂ ಅದೇ ಬೆಂಚಿನ ಮೇಲೆ ಸಾಲಾಗಿ ಕೂತೆವು, ನಡುವೆ ನಾನು.

"ಹೇಳ್ರಿ, ಏನಾಗ್ಯದ?" ಎಂದರು.

ಇಷ್ಟೆಲ್ಲ ಕಲಿತವಳು ನಾನು, ಆದರೂ ನನ್ನ ಬಾಯಿ ತಾನಾಗಿಯೇ ತೆರೆಯಿತು. "ನನ್ನ ಮಗಳಿಗೆರೀ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಸೆರಗಿನ ಮರೆಯಲ್ಲಿ ನನ್ನ ತೊಡೆಗೆ ಚುರ್ರೆಂದಿತು. ಹದಿನೈದು ವರ್ಷವಾದರೂ ಆ ಬೆರಳುಗಳ ಕಸುವು ಕಡಿಮೆಯಾಗಿರಲಿಲ್ಲ.

"ಸುಮ್ಮಕುಂದರ," ಎಂದರು ಅತ್ತೆ. "ಆಕಿದು ಆಕಿ ಹೇಳ್ಲಿ."